ಮನೆ ಮುಂದಿನ ಹುಲ್ಲು

ನಮ್ಮ ಮನೆಯ ಲಾನ್ ಕತ್ತರಿಸುವುದು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ. ಹೀಗೆಂದರೆ ಬೇರೆ ಊರಿನವರು ನಗುತ್ತಾರೆ. ಚಳ್ಳಕೆರೆಯವರು ನಗುವುದಿಲ್ಲ. ಅವರಿಗೆ ಆ ಕತ್ತರಿ ಚೆನ್ನಾಗಿ ಗೊತ್ತು, ಲಾನ್ ಎಂದರೇನು ಎಂಬುದರಲ್ಲಿ ಮಾತ್ರ ಸ್ವಲ್ಪ ಅನುಮಾನ.

ಒಂದೇ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಎರಡು ಅಲಗು ತೆಗೆದ ಕತ್ತರಿ ಅದು. ಬೆರಳು ತೂರಿಸಲು ಬಳೆಗಳಿಲ್ಲ. ಮುಷ್ಟಿಯಲ್ಲಿ ಅಮುಕಿದರೆ ಕಚ್ಚುತ್ತದೆ, ಸಡಿಲ ಬಿಟ್ಟರೆ ತಾನೇ ಬಾಯಿ ತೆರೆಯುತ್ತದೆ. ನಮ್ಮ ಯಜಮಾನರು ಸಂತೆಯಿಂದ ತಂದದ್ದು. ಮಾರುವವನು, "ಎಷ್ಟು ಕುರಿ ಅದಾವ್ರಿ ನಿಮ್ಮವು?" ಎಂದು ಕೇಳಿದನಂತೆ. ಇವರು ಪ್ರಾಮಾಣಿಕರು. "ಕುರಿ ಇಲ್ಲಪ್ಪ, ಹುಲ್ಲು ಕತ್ತರ್ಸಾಕೆ" ಅಂದಿದ್ದಾರೆ. ಅವನು ಕತ್ತರಿಯನ್ನು ಕಾಗದದಲ್ಲಿ ಸುತ್ತುತ್ತ, "ಹುಲ್ಲು ಕತ್ತರ್ಸಾಕೆ ಕತ್ತರಿ ಯಾಕ್ರಿ, ಅದಕ್ಕೂ ಕುರೀನೇ ತಗಳ್ರಿ" ಅಂದನಂತೆ. ನಾವು ಕುರಿಯನ್ನೂ ಬಳಸಿ ನೋಡಿದವರು ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ.

ಈ ಬೆಳಿಗ್ಗೆ ಆ ಕತ್ತರಿಗೆ ಶೇಂಗಾ ಎಣ್ಣೆ ಸವರುತ್ತ ಮೆಟ್ಟಿಲ ಮೇಲೆ ಕೂತಿದ್ದೆ. ಚಳ್ಳಕೆರೆಯಂಥ ಎಣ್ಣೆಯೂರಿನಲ್ಲಿ ತುಕ್ಕಿಗೂ ಶೇಂಗಾ ಎಣ್ಣೆಯೇ ಮದ್ದು. ಎಣ್ಣೆ ಸವರುತ್ತ ಸವರುತ್ತ ನಮ್ಮ ಹುಲ್ಲಿನ ಚರಿತ್ರೆಯೆಲ್ಲ ನೆನಪಾಯಿತು. ನಿಮಗೆ ಬಿಡುವಿದ್ದರೆ ಕೇಳಿ.

ನಾನು ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಂತೆಯಲ್ಲಿ ಎದುರಾದವರು ನನ್ನ ಮುಖ ನೋಡಿ ನಗುವ ಮೊದಲು ಮೊಣಕೈ ಮಡಚಿಕೊಳ್ಳುತ್ತಾರೆ. ಯಜಮಾನರು ಬಸ್ ಡ್ರೈವರ್, ಒಂದು ದಿನ ಬೆಂಗಳೂರಿನಲ್ಲಿ, ಒಂದು ದಿನ ಮನೆಯಲ್ಲಿ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೇವೆ. ಬಡಾವಣೆ ಎಂದರೆ ಅಲ್ಲೊಂದು ಇಲ್ಲೊಂದು ಮನೆ, ನಡುವೆ ಜಾಲಿ ಬೆಳೆದ ಖಾಲಿ ಸೈಟುಗಳು, ಟಾರು ಕಾಣದೆ ಜಲ್ಲಿಯಲ್ಲೇ ನಿಂತ ರಸ್ತೆ. ಆಷಾಢದಲ್ಲಿ ಬೀಸುವ ಗಾಳಿಗೆ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲೂ ಕೆಮ್ಮಣ್ಣು. ಇಂಥ ಕಡೆ ಹುಲ್ಲು ಬೆಳೆಸುವ ಹುಚ್ಚು ನನಗೆ ಹುಟ್ಟಿದ್ದು ಸೊಗಸಿಗಾಗಿ ಅಲ್ಲ. ಅವ್ವನ ಮಂಡಿಗಾಗಿ.

ಅವ್ವನ ಹೆಸರು ಪಾಲಮ್ಮ. ಊರು ಮೊಳಕಾಲ್ಮೂರಿನ ಆಚೆ, ದೇವಸಮುದ್ರದ ಕಡೆ. ಆಂಧ್ರ ಅಲ್ಲಿಂದ ಕೂಗಳತೆ. ಅವ್ವ ಸಮಾಧಾನವಾಗಿದ್ದಾಗ ಕನ್ನಡ ಮಾತಾಡುತ್ತಾಳೆ, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾಳೆ. ಅಪ್ಪ ಬೇಗ ಹೋದ. ನಾನೊಬ್ಬಳೇ ಮಗಳು. ಅವ್ವ ಕಂಡವರ ಶೇಂಗಾ ಹೊಲಗಳಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದಳು. ಕಳೆ ಕೀಳುವುದೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಕ್ಕರುಗಾಲಲ್ಲಿ ಕೂತು, ಗೇಣುದ್ದದ ಕುರುಪಿ ಹಿಡಿದು, ಕೂತಲ್ಲಿಂದಲೇ ಮುಂದಕ್ಕೆ ಜರುಗುವುದು. ಆ ಮಂಡಿಗಳು ಸವೆದದ್ದರಲ್ಲಿ ಆಶ್ಚರ್ಯವಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋಗಿ ಒಂದು ಮಂಡಿಗೆ ಆಪರೇಷನ್ ಮಾಡಿಸಿದೆವು. ಬಿಟ್ಟು ಕಳಿಸುವಾಗ ಡಾಕ್ಟರು ಅವ್ವನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ದಿನಾ ನಡೀಬೇಕಮ್ಮ. ನಡೀದಿದ್ರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತೆ. ಆಮೇಲೆ ಯಾರೂ ಏನೂ ಮಾಡೋಕಾಗಲ್ಲ."

"ಎಲ್ಲಿಗೆ ನಡೀಲಿ ಸ್ವಾಮಿ?" ಅಂದಳು ಅವ್ವ.

"ಎಲ್ಲಿಗೂ ಅಲ್ಲ. ಸುಮ್ಮನೆ ನಡೀರಿ."

"ಸುಮ್ನೆ ಯಾಕೆ ನಡೀಲಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ನಮ್ಮ ಮನೆಗೆ ಬಂದ ಮೇಲೂ ಅದೇ ಪ್ರಶ್ನೆ. ನೀವು ಅವ್ವನನ್ನು ಮೊಂಡಿ ಅಂದುಕೊಳ್ಳಬೇಡಿ. ಅವಳು ಹುಟ್ಟಿದಾಗಿನಿಂದ ಕೆಲಸವಿಲ್ಲದೆ ನಡೆದವಳಲ್ಲ. ತಲೆಯ ಮೇಲೆ ಪುಳ್ಳೆ ಹೊರೆಯೋ, ಕೈಯಲ್ಲಿ ಕುರುಪಿಯೋ, ಕಂಕುಳಲ್ಲಿ ನಾನೋ ಇದ್ದಾಗಲೇ ಅವಳು ನಡೆದದ್ದು. ಕೈ ಬೀಸಿಕೊಂಡು ಹೋಗಿ, ಅಲ್ಲಿ ಏನೂ ಮಾಡದೆ ತಿರುಗಿ ಬರುವುದು ಅವಳ ಲೆಕ್ಕದಲ್ಲಿ ದೆವ್ವ ಹಿಡಿದವರ ನಡಿಗೆ. ರಸ್ತೆಯಲ್ಲಿ ಒಂದು ಸಲ ನಡೆಸಿದೆ. ಎದುರಾದ ಒಬ್ಬಾಕೆ, "ಎಲ್ಲಿಗೆ ಹೊಂಟೆಯಮ್ಮ?" ಎಂದು ಕೇಳಿದಳು. ಅವ್ವ ನಾಚಿಕೆಯಿಂದ ತಲೆ ತಗ್ಗಿಸಿ, ಜಲ್ಲಿಯ ಮೇಲೆ ಎಡವುತ್ತ ಮನೆಗೆ ಬಂದು ಕಟ್ಟೆಯ ಮೇಲೆ ಕೂತವಳು ಮತ್ತೆ ಗೇಟಿನ ಕಡೆ ತಿರುಗಿ ನೋಡಲಿಲ್ಲ. ಮಂಡಿ ದಿನದಿನಕ್ಕೆ ಬಿಗಿಯತೊಡಗಿತು. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದಳು. ನನಗೆ ಹೆದರಿಕೆಯಾಯಿತು.

ಆಗ ಹೊಳೆದದ್ದು ಲಾನು. ಕಾಂಪೌಂಡಿನ ಒಳಗೆ ಮೆತ್ತಗಿನ ಹುಲ್ಲಿದ್ದರೆ ಎಡವುವ ಭಯವಿಲ್ಲ, ಎಲ್ಲಿಗೆ ಎಂದು ಕೇಳುವವರೂ ಇಲ್ಲ. ಫೋನಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ಪಂಡಿತೆಯಾದೆ. ಮನೆ ಮುಂದಿನ ನೆಲ ಬರೀ ಗರಸು ಕಲ್ಲು. ಅದರ ಮೇಲೆ ಯಾರದೋ ಶೇಂಗಾ ಹೊಲದ ಕೆಂಪು ಮಣ್ಣನ್ನು ಒಂದು ಟ್ರ್ಯಾಕ್ಟರ್ ಹೊಡೆಸಿದೆ. ಯಜಮಾನರು ಬೆಂಗಳೂರಿನ ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲನ್ನು ಬಸ್ಸಿನ ಲಗೇಜು ಗೂಡಿನಲ್ಲಿ ಹಾಕಿಕೊಂಡು ಬಂದರು. ಹುಲ್ಲಿಗೆ ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂದು ಕಂಡಕ್ಟರು ಹಿರಿಯೂರಿನವರೆಗೂ ಗೋಳು ಹೊಯ್ದುಕೊಂಡನಂತೆ. ನಾವಿಬ್ಬರೂ ಸೇರಿ ಸಂಜೆಯೊಳಗೆ ಹಾಸಿ ಮುಗಿಸಿದೆವು. ಬೋಳು ನೆಲ ಹಸಿರಾಯಿತು. ಅವ್ವನ ಕೈ ಹಿಡಿದು ಬಾಗಿಲಿಗೆ ಕರೆತಂದೆ.

ಅವ್ವ ನೋಡಿದಳು. ಮೊದಲು ತೆಲುಗಿನಲ್ಲಿ, "ಇದೇಮಿ ಪಿಚ್ಚಿ" ಅಂದಳು. ಇದೆಂಥ ಹುಚ್ಚು ಎಂದು. ಆಮೇಲೆ ಕನ್ನಡದಲ್ಲಿ, "ಮಾರಕ್ಕ ಬಾಯಲ್ಲಿ ಅಂದಿದ್ದನ್ನ ನೀನು ಮಗಳಾಗಿ ಮಾಡಿ ತೋರಿಸಿದೆ" ಅಂದು ಒಳಗೆ ಹೋದಳು.

ಮಾರಕ್ಕ ಯಾರೆಂದು ಹೇಳಬೇಕು. ನಾನು ಸಣ್ಣವಳಿದ್ದಾಗ ಊರಲ್ಲಿ ನಮ್ಮ ಎದುರು ಮನೆಯವಳು. ಒಮ್ಮೆ ನಲ್ಲಿಯ ಹತ್ತಿರ ಕೊಡ ಮುಂದಿಡುವ ವಿಷಯಕ್ಕೆ ಇಬ್ಬರಿಗೂ ಜಗಳವಾಯಿತು. ಜಗಳದ ಕೊನೆಗೆ ಮಾರಕ್ಕ ಎರಡು ಹಿಡಿ ಮಣ್ಣು ತೂರಿ, "ನಿನ್ನ ಮನೆ ಮುಂದೆ ಹುಲ್ಲು ಹುಟ್ಟಲಿ" ಎಂದು ಶಾಪ ಹಾಕಿದಳು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮನೆ ಮುಂದೆ ಹುಲ್ಲು ಹುಟ್ಟುವುದು ಯಾವಾಗ? ಆ ಮನೆಯಲ್ಲಿ ಓಡಾಡುವ ಕಾಲುಗಳು ಇಲ್ಲವಾದಾಗ. ಅವ್ವ ಅಂದು ಉಣ್ಣಲಿಲ್ಲ. ಮಾರನೆಯ ದಿನ ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ಮತ್ತೂ ಸಮಾಧಾನವಾಗದೆ ಕುರುಪಿ ಹಿಡಿದು ಗೋಡೆ ಬುಡದಲ್ಲಿ ಕಣ್ಣಿಗೆ ಕಾಣದಂಥ ಮೊಳಕೆಗಳನ್ನೂ ಕೆರೆದು ತೆಗೆದಳು. ನನ್ನ ಕೈಗೂ ಒಂದು ಮುರುಕು ಚಮಚ ಕೊಟ್ಟಿದ್ದಳು. ಅಂದಿನಿಂದ ನಾನು ಊರು ಬಿಡುವವರೆಗೆ ನಮ್ಮ ಅಂಗಳ ಬೋಳು ಮಂಡೆಯಂತೆ ನುಣ್ಣಗಿತ್ತು. ಮಾರಕ್ಕನಿಗೂ ಅವ್ವನಿಗೂ ಆಮೇಲೆ ರಾಜಿಯಾಯಿತು, ಆದರೆ ಗುಡಿಸುವುದು ನಿಲ್ಲಲಿಲ್ಲ.

ಹೀಗಾಗಿ ಅವ್ವ ಲಾನಿಗೆ ಕಾಲಿಡಲಿಲ್ಲ. ನಾನು ಹಟ ಬಿಡಲಿಲ್ಲ. ಹುಲ್ಲು ಇನ್ನೂ ಚೆನ್ನಾಗಿ ಬಂದರೆ ಅವಳ ಮನಸ್ಸು ತಿರುಗಬಹುದೆಂದು ಆರೈಕೆಗೆ ನಿಂತೆ. ನಮ್ಮ ಕಡೆ ಆರೈಕೆ ಎಂದರೆ ನೀರು, ನೀರೆಂದರೆ ತಾಪತ್ರಯ. ಪಕ್ಕದ ಮನೆಯ ಮೆಹಬೂಬ್ ಭಾಯಿ ಪಂಪುಸೆಟ್ಟಿನ ಮೋಟರು ರಿಪೇರಿ ಮಾಡುವವರು. ಯಾರ ಬೋರಿನಲ್ಲಿ ಎಷ್ಟು ನೀರಿದೆ ಎಂಬುದು ನನಗೆ ಊರವರ ಸಕ್ಕರೆ ಕಾಯಿಲೆ ಗೊತ್ತಿರುವ ಹಾಗೆ ಅವರಿಗೆ ಗೊತ್ತು. ನಾನು ಪೈಪು ಹಿಡಿದು ಬೋರಿನ ನೀರು ಹಾಯಿಸುವುದನ್ನು ಕಾಂಪೌಂಡಿನಾಚೆಯಿಂದ ಕೆಲವು ದಿನ ನೋಡಿದರು. ಕೊನೆಗೆ ತಡೆಯಲಾರದೆ ಬಂದರು.

"ಬೆಹನ್, ಕುಡಿಯಾ ನೀರು ಹುಲ್ಲಿಗೆ ಹಾಕಿದ್ರೆ ಅಲ್ಲಾ ಮಾಫ್ ಮಾಡಾಕಿಲ್ಲ. ಬಚ್ಚಲ ನೀರು ಸುಮ್ನೆ ಚರಂಡಿಗೆ ಹೋಗ್ತೈತಲ್ಲ, ಅದನ್ನ ತಿರುಗ್ಸಾನ."

ಒಂದು ಭಾನುವಾರ ಪೈಪು ಕೊಯ್ದು, ಎಲ್ಬೋ ಜೋಡಿಸಿ, ಬಚ್ಚಲ ನೀರನ್ನು ಲಾನಿಗೆ ತಿರುಗಿಸಿಕೊಟ್ಟರು. ಸ್ನಾನದ ನೀರು ಹುಲ್ಲಿಗೆ ಒಗ್ಗಿತು. ಬಟ್ಟೆ ಒಗೆದ ನೀರು ಬಿದ್ದಲ್ಲಿ ಹಳದಿಯಾಯಿತು. ಒಗೆಯುವ ಕಲ್ಲನ್ನು ಹಿತ್ತಲಿಗೆ ಸಾಗಿಸಿದೆವು. ಮನೆಯವರೆಲ್ಲ ಹುಲ್ಲಿನ ಮುಖ ನೋಡಿ ಸ್ನಾನ ಮಾಡುವಂತಾಯಿತು. ಬಾಡಿದಂತೆ ಕಂಡರೆ ಯಜಮಾನರನ್ನು ಎರಡನೇ ಸಲ ಸ್ನಾನಕ್ಕೆ ಕಳಿಸುತ್ತಿದ್ದೆ.

ಆಮೇಲೆ ಗೊಬ್ಬರ. ಇದು ಎಣ್ಣೆ ಮಿಲ್ಲುಗಳ ಊರಲ್ಲವೇ, ಶೇಂಗಾ ಹಿಂಡಿಗೆ ಬರವಿಲ್ಲ. ಹಿಂಡಿ ನೆನೆಸಿ ಹಾಕಿದರೆ ಹುಲ್ಲು ಪುಷ್ಟಿಯಾಗುತ್ತದೆಂದು ಎಲ್ಲಿಯೋ ಕೇಳಿದ್ದೆ. ಬಕೆಟ್ಟಿನಲ್ಲಿ ನೆನೆಸಿಟ್ಟು ಮರೆತೆ. ನೆನಪಾಗಿ ಮುಚ್ಚಳ ತೆಗೆದಾಗ ಅದು ಬೇರೆಯೇ ಒಂದು ಪದಾರ್ಥವಾಗಿತ್ತು. ಆದರೂ ಮೂಗು ಮುಚ್ಚಿಕೊಂಡು ಎರಚಿದೆ. ಬೆಳಗಾಗುವಷ್ಟರಲ್ಲಿ ಬಡಾವಣೆಯ ಬೀದಿನಾಯಿಗಳೆಲ್ಲ ಗೇಟಿನ ಕೆಳಗೆ ನುಸುಳಿ ಬಂದು ಹಾಸಿದ ಹುಲ್ಲನ್ನು ಬುತ್ತಿ ಬಿಚ್ಚಿದಂತೆ ಬಿಚ್ಚಿದ್ದವು. ಮೆಹಬೂಬ್ ಭಾಯಿಯ ಮನೆಯವರು ಎರಡು ದಿನ ಕಿಟಕಿ ತೆರೆಯಲಿಲ್ಲ. ಅವ್ವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂದಳು.

ಇಷ್ಟಾದರೂ ಹುಲ್ಲು ಬೇರು ಹಿಡಿಯಿತು. ದಟ್ಟವಾಗಿ, ಮೆತ್ತಗೆ, ವಿಡಿಯೋದಲ್ಲಿ ಕಂಡ ಹಾಗೆಯೇ ಬಂತು. ಒಂದು ಸಂಜೆ ಅವ್ವನ ಪಕ್ಕದಲ್ಲಿ ಕೂತು ಬೇಡಿಕೊಂಡೆ.

"ಶಾಪ ಗೀಪ ಬಿಡವ್ವ. ನಿನ್ ಕಾಲಿಗೋಸ್ಕರ ಇಷ್ಟೆಲ್ಲ ಮಾಡಿದೀನಿ. ಒಂದು ಸುತ್ತು ನಡಿ."

ಅವ್ವ ಹುಲ್ಲನ್ನೇ ನೋಡುತ್ತ ಕೂತಳು. "ಶಾಪ ಹೋಗ್ಲಿ ಬಿಡು" ಅಂದಳು. "ಹೆಂಗೆ ತುಳೀಲಿ ಹೇಳು. ನೀರು ಕಟ್ಟಿದೀಯ, ಗೊಬ್ಬರ ಹಾಕಿದೀಯ. ನೀರು ಗೊಬ್ಬರ ಕೊಟ್ಟು ಬೆಳೆಸಿದ ಮ್ಯಾಲೆ ಅದು ಪೈರು. ಪೈರು ತುಳಿದು ಗೊತ್ತಿಲ್ಲ ನಂಗೆ."

ಶೇಂಗಾ ಸಾಲುಗಳ ನಡುವೆ ಅವ್ವ ಪಾದವನ್ನು ಅಡ್ಡ ತಿರುಗಿಸಿ ಇಡುತ್ತಿದ್ದದ್ದು ನೆನಪಾಯಿತು. ಒಂದು ಗಿಡ ತುಳಿದರೂ ಹೊಲದವರು ಬದುವಿನ ಮೇಲಿಂದಲೇ ಬೈಯುತ್ತಿದ್ದರು. ರಜೆಯಲ್ಲಿ ಅವಳ ಹಿಂದೆ ಹೋಗುತ್ತಿದ್ದ ನನಗೂ ಆ ಬೈಗುಳ ಸಿಕ್ಕಿದೆ. ಅಂದರೆ ನಾನು ಆರೈಕೆ ಮಾಡಿದಷ್ಟೂ ಹುಲ್ಲು ಪೈರಾಗುತ್ತ, ಅವ್ವನ ಕಾಲಿಗೆ ದೂರವಾಗುತ್ತ ಹೋಗಿತ್ತು. ನಡೆಯಲೆಂದು ಹಾಸಿದ ಹುಲ್ಲು ನಡೆಯಬಾರದ ಹುಲ್ಲಾಗಿತ್ತು. ಅವ್ವ ಅಂಚಿನ ಸಿಮೆಂಟಿನ ಮೇಲೆ ಗೋಡೆ ಹಿಡಿದು ಓಡಾಡಿದಳೇ ಹೊರತು ಹಸಿರಿನ ಮೇಲೆ ಹೆಜ್ಜೆ ಊರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕುರಿಯ ಪ್ರಸಂಗ ನಡೆಯಿತು. ಕೊಯ್ಲು ಮುಗಿದ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಕುರಿಯವರು ರಾತ್ರಿ ಮಂದೆಯನ್ನು ಹೊಲದಲ್ಲಿ ತಂಗಿಸುತ್ತಾರೆ, ಹಿಕ್ಕೆ ಗಂಜಳವೆಲ್ಲ ಆ ಹೊಲಕ್ಕೆ. ಹೊಲದವರು ಕುರಿಯವರಿಗೆ ಊಟ ಕೊಟ್ಟು, ಕಾಳು ಅಳೆದು ಕಳಿಸುತ್ತಾರೆ. ಮಂದೆ ನಿಂತ ಹೊಲ ಮುಂದಿನ ವರ್ಷ ಎದೆಯೆತ್ತರ ಬೆಳೆಯುತ್ತದೆಂದು ಮಾತು. ಅವ್ವನಿಗೆ ಊರಲ್ಲಿ ಒಂದು ತುಂಡು ಹೊಲವಿತ್ತು. ಅಷ್ಟು ಸಣ್ಣ ತುಂಡಿಗೆ ಯಾರೂ ಮಂದೆ ತರುತ್ತಿರಲಿಲ್ಲ. ಪ್ರತಿ ವರ್ಷ ಬೇರೆಯವರ ಹೊಲದಲ್ಲಿ ಕುರಿ ನಿಲ್ಲುವುದನ್ನು ಅವಳು ಬದುವಿನ ಮೇಲೆ ನಿಂತು ನೋಡುತ್ತಿದ್ದಳು.

ನನಗೆ ಅಂದು ರಾತ್ರಿ ಪಾಳಿ, ಯಜಮಾನರು ಬೆಂಗಳೂರಿನಲ್ಲಿ. ಬೆಳಿಗ್ಗೆ ಮನೆಗೆ ಬಂದು ನೋಡುತ್ತೇನೆ, ಕಾಂಪೌಂಡಿನ ತುಂಬ ಕುರಿ. ಒಂದು ಕರಿ ಕುರಿ ನನ್ನ ಸ್ಕೂಟರಿನ ಮುಂದೆ ನಿಂತು ಬಾಯಾಡಿಸುತ್ತ ನನ್ನನ್ನೇ ಯಾರೋ ಹೊರಗಿನವಳೆಂಬಂತೆ ನೋಡಿತು. ಮೆಟ್ಟಿಲ ಮೇಲೆ ಕಂಬಳಿ ಹೊದ್ದ ಒಬ್ಬಾತ ನಮ್ಮ ಮನೆಯ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ನಾನು ಓಬಯ್ಯ ಅಂತ, ನಿಮ್ಮವ್ವನ ಊರೋನು. ಈ ದಾರೀಲಿ ಕುರಿ ಹೊಡ್ಕಂಡು ಹೊಂಟಿದ್ದೆ. ಪಾಲಮ್ಮಕ್ಕ ಗೇಟ್ ತಾವ ನಿಂತು ಕೂಗಿ ಕರೆದ್ಳು. ಮಗಳ ಹೊಲ ಐತೆ, ಒಂದು ರಾತ್ರಿ ಮಂದೆ ನಿಲ್ಸು ಅಂದ್ಳು. ಹೊಲ ಅಂದ್ರೆ ಇಷ್ಟೇನಾ ಅಂದೆ. ಇಷ್ಟಾದ್ರೂ ನಿಲ್ಸು ಅಂದ್ಳು."

ಹುಲ್ಲಿನ ಸುದ್ದಿ ಕೇಳಬೇಡಿ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಬುಡಮಟ್ಟ ಮೇಯ್ದು, ಗೊರಸಿನಲ್ಲಿ ಕೆದಕಿ, ಅದರ ಮೇಲೆ ಹಿಕ್ಕೆಯನ್ನು ಧಾರಾಳವಾಗಿ ಹರಡಿದ್ದವು. ಅವ್ವ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು.

"ಏನವ್ವ ಇದು?"

"ಗೊಬ್ಬರಕ್ಕೆ ಕರೆದೆ ಕಣೆ. ನೀನು ಆ ನಾರೋ ಹಿಂಡಿ ಹಾಕಿ ಒದ್ದಾಡ್ತಿದ್ದಲ್ಲ, ನಾನೂ ಒಂದು ರಾತ್ರಿ ಮಂದೆ ನಿಲ್ಸಿಕೊಡಾನ ಅಂತ. ಮೇಯ್ತಾವೆ ಅಂತ ಹೊಳೀಲೇ ಇಲ್ಲ. ಮಂದೆ ನಿಲ್ಸೋ ಹೊಲದಾಗೆ ಯಾವತ್ತೂ ಹಸ್ರು ಇರ್ತಿರ್ಲಿಲ್ಲ."

ಸಿಟ್ಟು ನೆತ್ತಿಗೇರಿತ್ತು. ಬೈಯಲು ಬಾಯಿ ತೆರೆದೆ. "ಗೇಟ್ ತನಕ ಹೋಗಿ ಕುರಿ ಕರೆಯಾಕೆ ಕಾಲು ಬಂತು, ನಡಿ ಅಂದ್ರೆ ಮಾತ್ರ" ಎಂದು ಅರ್ಧ ಹೇಳಿದವಳು ಅಲ್ಲಿಗೇ ನಿಂತೆ. ಗೇಟಿನ ತನಕ ಅವ್ವ ಹೋಗಿದ್ದಳು. ಆ ಸಿಮೆಂಟು ದಾರಿಯ ಪಕ್ಕದಲ್ಲಿ ಗೋಡೆಯಿಲ್ಲ, ಹಿಡಿಯಲು ಏನೂ ಇಲ್ಲ. ಕುರಿ ಕರೆಯಲು, ಕುರಿಯವನಿಗೆ ಊಟ ಬಡಿಸಲು, ಮಂದೆ ಸರಿಯಾಗಿ ನಿಂತಿತೇ ಎಂದು ನೋಡಲು ಎಷ್ಟು ಸಲ ಓಡಾಡಿದ್ದಳೋ. ನಡೆಯಲು ಅವಳಿಗೆ ಹುಲ್ಲು ಬೇಕಿರಲಿಲ್ಲ, ಕೆಲಸ ಬೇಕಿತ್ತು. ಸಿಟ್ಟು ಅರ್ಧಕ್ಕೆ ಇಳಿಯಿತು. ಓಬಯ್ಯನಿಗೆ ಸೇರು ಜೋಳ ಅಳೆದು ಕೊಡುವುದನ್ನು ಅವ್ವನೇ ಮಾಡಿದಳು. ಆಗ ಅವಳ ಮುಖ ನೋಡಬೇಕಿತ್ತು, ಹತ್ತೆಕರೆ ಹೊಲದ ಒಡತಿಯ ಮುಖ.

ಅವ್ವನಿಗೆ ಕೆಲಸ ಬೇಕೆಂಬುದು ಗೊತ್ತಾಯಿತೇನೋ ಸರಿ, ಆದರೆ ಯಾವ ಕೆಲಸ? ಹುಲ್ಲಿನ ಆಚೆ ತುದಿಯ ಕಾಂಪೌಂಡು ಗೋಡೆಯ ಪಕ್ಕ ಒಂದು ಮಡಿ ಮಾಡಿಕೊಟ್ಟು, ಬದನೆ ಮೆಣಸಿನ ಸಸಿ ತಂದು ನೆಟ್ಟೆ. ಅವ್ವ ಬೆಳಿಗ್ಗೆ ಒಂದು ಸಲ ಹೋಗಿ ನೋಡಿ ಬರುತ್ತಿದ್ದಳು. ಗಿಡಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದವು, ದಿನಕ್ಕೆ ಎರಡನೆಯ ಸಲ ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬೇಸಿಗೆ ಬಂತು. ಕುರಿಗಳಿಂದ ಉಳಿದ ಬೆಂಗಳೂರಿನ ಹುಲ್ಲು ನಮ್ಮ ಬಿಸಿಲಿಗೆ ಸುಟ್ಟು ಹಪ್ಪಳವಾಯಿತು. ಬಚ್ಚಲ ನೀರಿಗೂ ಅದು ಕಣ್ಣು ಬಿಡಲಿಲ್ಲ. ನಾನು ಸೋತೆನೆಂದು ಒಪ್ಪಿಕೊಂಡು ಅತ್ತ ನೋಡುವುದನ್ನೇ ಬಿಟ್ಟೆ.

ಮೊದಲ ಮಳೆ ಬಿದ್ದ ಒಂದು ವಾರಕ್ಕೆ ನೆಲದಲ್ಲಿ ಸೂಜಿಯಂಥ ಹಸಿರು ಎದ್ದಿತು. ಅಲ್ಲೊಂದು ಇಲ್ಲೊಂದು ಅಲ್ಲ, ಉದ್ದಕ್ಕೂ. ಸತ್ತ ಹುಲ್ಲೇ ಚಿಗುರಿತೆಂದು ಸಂಭ್ರಮದಿಂದ ಅವ್ವನನ್ನು ಕೂಗಿದೆ. ಅವ್ವ ಬಾಗಿಲಿಗೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಗರಿಕೆ" ಅಂದಳು. ಊರಿಗೆ ಕಳ್ಳ ಬಂದನೆಂದು ಹೇಳುವ ದನಿಯಲ್ಲಿ.

ಟ್ರ್ಯಾಕ್ಟರಿನಲ್ಲಿ ಬಂದ ಶೇಂಗಾ ಹೊಲದ ಮಣ್ಣಿನಲ್ಲಿ ಅದು ಮೊದಲೇ ಅಡಗಿ ಕೂತಿತ್ತು. ಕುರಿಗಳು ತುಳಿದು ಗೊಬ್ಬರ ಕೊಟ್ಟವು, ಮಳೆ ಕರೆಯಿತು, ಎದ್ದು ಬಂತು. ಗರಿಕೆಯೆಂದರೆ ಅವ್ವನ ಜನ್ಮದ ಹಗೆ. ಬೇರೆ ಕಳೆ ಕಿತ್ತರೆ ಸಾಯುತ್ತದೆ. ಗರಿಕೆ ಸತ್ತಂತೆ ನಟಿಸುತ್ತದೆ. ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಸಾಕು, ತಿಂಗಳೊಳಗೆ ಸಂಸಾರ ಹೂಡುತ್ತದೆ. ಅದಕ್ಕೇ ಕಿತ್ತ ಗರಿಕೆಯನ್ನು ಹೊಲದಲ್ಲಿ ಬಿಡಬಾರದು, ಕಲ್ಲಿನ ಮೇಲೆ ಹಾಕಿ ಬಿಸಿಲಿಗೆ ಒಣಗಿಸಬೇಕು. ಇದು ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ.

ನಾನು ಕೀಳಲು ಬಿಡಲಿಲ್ಲ. ನೀರಿಲ್ಲದೆ, ಗೊಬ್ಬರವಿಲ್ಲದೆ, ಹೇಳಿ ಕೇಳದೆ ಬಂದ ಹುಲ್ಲು. ಇಂಥದ್ದನ್ನು ಕಿತ್ತು ಹಾಕಿ ಮತ್ತೆ ಬೆಂಗಳೂರಿಗೆ ಹೋಗುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಅಮ್ಮ ಮಗಳಿಗೆ ಒಂದು ಒಪ್ಪಂದವಾಯಿತು. ಗರಿಕೆ ಅಂಗಳದಲ್ಲಿ ಇರಬಹುದು, ಅವ್ವನ ಬದನೆ ಮಡಿಗೆ ಬರುವಂತಿಲ್ಲ. ಬಂದರೆ ಅವ್ವ ಕೀಳಬಹುದು.

ಒಪ್ಪಂದ ಗರಿಕೆಗೆ ಗೊತ್ತಿರಲಿಲ್ಲ. ಅದು ನೇರವಾಗಿ ಮಡಿಯ ಕಡೆಗೇ ಕುಡಿ ಚಾಚಿತು. ಅಂದಿನಿಂದ ಅವ್ವನಿಗೆ ಕಟ್ಟೆಯ ಮೇಲೆ ಕೂರಲು ಪುರುಸೊತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೆಟ್ಟಿಲಿಳಿದು, ಹುಲ್ಲಿನ ಮೇಲೆ ಹಾದು, ಮಡಿಯ ಅಂಚಿಗೆ ಹೋಗಿ ನೋಡಬೇಕು. ಚಹಾ ಕುಡಿದು ಮತ್ತೊಮ್ಮೆ. ಬಿಸಿಲೇರುವ ಮುಂಚೆ, ಬಿಸಿಲಿಳಿದ ಮೇಲೆ, ಮಳೆ ಬಂದರೆ ನಿಂತ ಕೂಡಲೇ. ಕುಕ್ಕರುಗಾಲಲ್ಲಿ ಕೂರಲಾಗುವುದಿಲ್ಲವಲ್ಲ, ಅದಕ್ಕೆ ಮೆಹಬೂಬ್ ಭಾಯಿ ಕುರುಪಿಯನ್ನು ಉದ್ದನೆಯ ಪೈಪಿಗೆ ವೆಲ್ಡಿಂಗ್ ಮಾಡಿಸಿಕೊಟ್ಟರು. ಅದನ್ನು ಊರಿಕೊಂಡು ಹೋಗುತ್ತಾಳೆ, ಗಡಿ ದಾಟಿದ ಕುಡಿಯನ್ನು ನಿಂತಲ್ಲಿಂದಲೇ ಅಗೆದು ತೆಗೆಯುತ್ತಾಳೆ, ಕಾಂಪೌಂಡಿನ ಮೇಲೆ ಒಣಹಾಕುತ್ತಾಳೆ. ತುಳಿಯಲು ಈಗ ಯಾವ ಸಂಕೋಚವೂ ಇಲ್ಲ. ಅದು ಪೈರಲ್ಲ, ಗರಿಕೆ. ಬೇಕೆಂದೇ ಒತ್ತಿ ತುಳಿಯುತ್ತಾಳೆ. ನಾನು ಪ್ರೀತಿಯಿಂದ ಮಾಡಲಾಗದ್ದನ್ನು ಆ ಹಗೆ ಮಾಡಿತು. ಮೊದಮೊದಲು ಇದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆಮೇಲೆ ಒಂದು ದಿನ ಅವ್ವ ಗೋಡೆ ಹಿಡಿಯದೆ ಬಚ್ಚಲಿಗೆ ಹೋದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಗಣೇಶನ ಹಬ್ಬಕ್ಕೆ ಬಡಾವಣೆಯ ಹೆಂಗಸರು ತಟ್ಟೆ ಹಿಡಿದು ಗರಿಕೆ ಕೇಳಲು ಬಂದರು. ತನ್ನ ಹಗೆಯನ್ನು ಹೀಗೆ ಕೈಮುಗಿದು ಕೇಳುವವರನ್ನು ಅವ್ವ ಅದುವರೆಗೆ ಕಂಡಿರಲಿಲ್ಲ. "ಬೇಕಾದಷ್ಟು ಕಿತ್ಕಳ್ರಮ್ಮ. ಕುಡಿ ಚಿವುಟಬ್ಯಾಡ್ರಿ, ಬೇರು ಸಮೇತ ಕೀಳ್ರಿ" ಎಂದು ಹಿಂದೆಯೇ ನಡೆದು ಉಪಚಾರ ಮಾಡಿದಳು.

ದಾವಣಗೆರೆಯ ಡಾಕ್ಟರು ಮಂಡಿ ಮಡಚಿ ಬಿಚ್ಚಿ ನೋಡಿ ಖುಷಿಪಟ್ಟರು. "ಚೆನ್ನಾಗಿ ವಾಕಿಂಗ್ ಮಾಡಿದೀರಮ್ಮ" ಅಂದರು.

"ಇಲ್ಲ ಸ್ವಾಮಿ. ನಾನ್ಯಾಕೆ ವಾಕಿಂಗ್ ಮಾಡ್ಲಿ, ಮನೇಲಿ ಕೆಲ್ಸ ಐತೆ" ಅಂದಳು ಅವ್ವ. ಡಾಕ್ಟರು ನನ್ನ ಮುಖ ನೋಡಿದರು. ಈ ಸಲವೂ ನಾನು ಕ್ಯಾಲೆಂಡರ್ ನೋಡಿದೆ.

ಈಗ ನಮ್ಮ ಲಾನು ಹೀಗಿದೆ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಂದು. ಕಂದಾದಾಗ ಗಾಬರಿಯಾಗಬಾರದು, ಅದು ನಿದ್ದೆ. ಬಚ್ಚಲ ನೀರು ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಉದ್ದ ಬೆಳೆದರೆ ಯಜಮಾನರು ಕುರಿ ಕತ್ತರಿ ಹಿಡಿದು ಮಣೆಯ ಮೇಲೆ ಕೂತು, ಕುರಿಯನ್ನು ಸಮಾಧಾನಪಡಿಸುವವರಂತೆ ಏನೋ ಗೊಣಗುತ್ತ ಕತ್ತರಿಸುತ್ತಾರೆ. ಮಂದೆಯನ್ನು ಮತ್ತೆ ಕರೆದಿಲ್ಲ. ಓಬಯ್ಯ ಈ ದಾರಿಯಲ್ಲಿ ಹೋಗುವಾಗ ಗೇಟಿನಿಂದಲೇ ಅವ್ವನನ್ನು ಮಾತಾಡಿಸುತ್ತಾನೆ, ಕುರಿಗಳು ಮಾತ್ರ ಒಳಗಿಣುಕಿ ನೋಡುತ್ತವೆ.

ಈ ಲಾನಿಗೆ ಒಂದು ಊನವಿದೆ. ಮೆಟ್ಟಿಲಿನಿಂದ ಬದನೆ ಮಡಿಯವರೆಗೆ ಒಂದು ಮೊಳ ಅಗಲದ ಪಟ್ಟಿಯಲ್ಲಿ ಹುಲ್ಲಿಲ್ಲ, ಕೆಂಪು ಮಣ್ಣು ಕಾಣುತ್ತದೆ. ಅವ್ವನ ಕಾಲಡಿಯಲ್ಲಿ ಗರಿಕೆಯೂ ಸೋತಿದೆ. ಮೊನ್ನೆ ಮನೆಗೆ ಬಂದ ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರು, "ಅಲ್ಲಿಗೂ ನಾಲ್ಕು ಬೇರು ನೆಟ್ಟುಬಿಡಿ, ಅಂದ ಕೆಡ್ತೈತೆ" ಎಂದು ಸಲಹೆ ಕೊಟ್ಟರು. ಆಗಲಿ ಅಂದೆ. ನೆಡಲಿಲ್ಲ.

ಹೋದ ತಿಂಗಳು ಅವ್ವನಿಗೆ ಜ್ವರ ಬಂತು. ಕೈಕಾಲು ಹಿಡಿದುಕೊಂಡು ಹಾಸಿಗೆ ಹಿಡಿದಳು. ಅವಳ ರಕ್ತವನ್ನು ನಾನೇ ತೆಗೆದು, ನಾನೇ ಪರೀಕ್ಷೆ ಮಾಡಿದೆ. ದೊಡ್ಡದೇನೂ ಇರಲಿಲ್ಲ, ಆದರೂ ಏಳಲು ಆಗುತ್ತಿರಲಿಲ್ಲ. ನಡುವೆ ಎರಡು ಹದ ಮಳೆ ಬಿದ್ದವು. ಒಂದು ಬೆಳಿಗ್ಗೆ ಮೆಟ್ಟಿಲಿಳಿದವಳು ನೋಡುತ್ತೇನೆ, ಆ ಕೆಂಪು ಪಟ್ಟಿಗೆ ಅಡ್ಡಲಾಗಿ ಗರಿಕೆ ಕುಡಿ ಚಾಚಿದೆ. ಎರಡು ಕಡೆಯಿಂದಲೂ. ಒಂದು ಕುಡಿ ಆಚೆ ದಂಡೆ ಮುಟ್ಟಿ ಬೇರು ಊರಿದೆ.

ಶಾಪ, ಹರಕೆ ಒಂದನ್ನೂ ನಂಬುವವಳಲ್ಲ ನಾನು. ಲ್ಯಾಬಿನವಳು. ಆದರೂ ಮಾರಕ್ಕ ಮಣ್ಣು ತೂರಿ ಆಡಿದ ಮಾತು ನೆನಪಾಯಿತು. ಆಸ್ಪತ್ರೆಗೆ ಹೊತ್ತಾಗಿತ್ತು, ಮೈಮೇಲೆ ಇಸ್ತ್ರಿ ಮಾಡಿದ ಸೀರೆಯಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತೆ. ಕೂತಲ್ಲಿಂದಲೇ ಜರುಗುತ್ತ, ಮೆಟ್ಟಿಲಿನಿಂದ ಮಡಿಯವರೆಗೆ ಒಂದೊಂದನ್ನೇ ಕೀಳುತ್ತ ಹೋದೆ. ಇಷ್ಟು ಕಷ್ಟಪಟ್ಟು ಹುಲ್ಲು ಬೆಳೆಸಿದವಳು ಯಾವ ಬುದ್ಧಿಯಲ್ಲಿ ಇದನ್ನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ.

ಕಿತ್ತದ್ದನ್ನು ಬಾಚಿಕೊಂಡು ಏಳುವಾಗ ಬಾಗಿಲ ಕಡೆ ನೋಡಿದೆ. ಅವ್ವ ಎದ್ದು ಬಂದಿದ್ದಳು. ದುಪ್ಪಟಿ ಹೊದ್ದುಕೊಂಡು, ಪೈಪಿನ ಕುರುಪಿ ಊರಿಕೊಂಡು ನಿಂತು ನನ್ನ ಕೆಲಸವನ್ನು ಈ ತುದಿಯಿಂದ ಆ ತುದಿಯವರೆಗೆ ಪರೀಕ್ಷಿಸುತ್ತಿದ್ದಳು.

"ಗೆಣ್ಣು ಬಿಟ್ಟಿದೀಯ ಅಲ್ಲಿ" ಅಂದಳು. "ಸರಿ ಅತ್ಲಾಗೆ, ನಾನು ಬರ್ತೀನಿ."